ಬೀಗ ಬಿದ್ದ ಶಾಲೆಯ ಹುಡುಗಿ

ಪಕ್ಕದ ಮನೆಯ ಅಜ್ಜಿ ಪೆನ್ನನ್ನು ಬೆರಳುಗಳ ನಡುವೆ ಹಿಡಿಯುತ್ತಿರಲಿಲ್ಲ. ಸಣ್ಣ ಮಕ್ಕಳು ಚಮಚ ಹಿಡಿದ ಹಾಗೆ ಮುಷ್ಟಿಯಲ್ಲಿ ಹಿಡಿದು, ನಾಲಿಗೆಯ ತುದಿ ಹೊರಗೆ ಚಾಚಿ, ತಮ್ಮ ಹೆಸರನ್ನು ಒತ್ತಿ ಒತ್ತಿ ಬರೆಯುತ್ತಿದ್ದರು. ಲಂಡನ್ನಿನ ಹೇಸ್‌ನಲ್ಲಿ ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ. ಅಮೆರಿಕದ ವರ್ಜೀನಿಯಾದಲ್ಲಿ ಕಪ್ಪು ಜನರ ಮನೆಯಲ್ಲಿ ಹುಟ್ಟಿ, ಮದುವೆಯಾಗಿ ಲಂಡನ್ನಿಗೆ ಬಂದು, ಶಾಲೆಯೊಂದರ ಅಡುಗೆಮನೆಯಲ್ಲಿ ದುಡಿದು ನಿವೃತ್ತರಾದವರು. ಆಡುತ್ತಿದ್ದುದು ಇಂಗ್ಲಿಷೇ. ಆದರೆ ಆ ಗದರಿಕೆ, ಆ ಅಂತಃಕರಣ ನನ್ನ ಕಿವಿಗೆ ನಮ್ಮೂರು ಧಾರವಾಡದ ಮಾತಾಗಿಯೇ ಬೀಳುತ್ತಿತ್ತು. ಹಾಗೆಯೇ ಬರೆಯುತ್ತೇನೆ.

ಲಾಕ್‌ಡೌನ್‌ನಲ್ಲಿ ಶಾಲೆಗಳು ಮುಚ್ಚಿದಾಗಲೂ ನನ್ನಂಥ ಆಸ್ಪತ್ರೆಯ ಡಾಕ್ಟರುಗಳ ಮಕ್ಕಳಿಗೆ ಬಾಗಿಲು ತೆರೆದಿತ್ತು. ನನ್ನ ಮಗಳು ಮಾತ್ರ "ನೋಬಡಿ ಈಸ್ ದೇರ್, ಅಮ್ಮ" ಎಂದು ಹಟ ಹಿಡಿದಳು. ಹೋಗಲಿ ಬಿಡು ಎಂದೆ. ಬೇಲಿಯಾಚೆ ನಿಂತಿದ್ದ ಅಜ್ಜಿ ಸಿಡಿದುಬಿದ್ದರು.

"ತೆರದ ಬಾಗಲಾ ಬಿಟ್ಟು ಹುಡುಗೀನ ಮನ್ಯಾಗ ಕುಂದ್ರಸ್ತೀಯೇನವಾ? ತಲಿ ಕೆಟ್ಟೈತೇನ ನಿನಗ?"

ಅವರ ಕಥೆ ಗೊತ್ತಾದದ್ದು ಅಂದೇ. ಕಪ್ಪು ಮಕ್ಕಳನ್ನು ಬೇರೆ ಶಾಲೆಯಲ್ಲಿ ಕೂರಿಸುವುದು ಸಂವಿಧಾನದ ಹದಿನಾಲ್ಕನೇ ತಿದ್ದುಪಡಿ ಕೊಟ್ಟ ಸಮಾನತೆಗೆ ವಿರುದ್ಧ ಎಂದು ಅಮೆರಿಕದ ಸುಪ್ರೀಂ ಕೋರ್ಟು 1954ರಲ್ಲಿ ಹೇಳಿತಲ್ಲ, ಆ ಕೇಸು ಹಾಕಿದವರಲ್ಲಿ ಅವರ ಸೀಮೆಯ ಮಕ್ಕಳೂ ಇದ್ದರು. ತೀರ್ಪನ್ನು ಪಾಲಿಸುವ ಮನಸ್ಸಿಲ್ಲದೆ ಅಲ್ಲಿನ ಆಡಳಿತ ಸರಕಾರಿ ಶಾಲೆಗಳನ್ನೇ ಮುಚ್ಚಿಬಿಟ್ಟಿತು. ಬಿಳಿಯರು ತಮ್ಮ ಮಕ್ಕಳಿಗೆ ಖಾಸಗಿ ಶಾಲೆ ಮಾಡಿಕೊಂಡರು. ಅಕ್ಷರ ತಿದ್ದುವ ವಯಸ್ಸಿನಲ್ಲಿ ಇವರು ಬೀಗ ನೋಡುತ್ತಾ ನಿಂತರು. ವರ್ಷಗಳ ಮೇಲೆ ಇನ್ನೊಂದು ತೀರ್ಪು ಬಂದು ಶಾಲೆ ತೆರೆದಾಗ, ಪುಟ್ಟ ಮಕ್ಕಳ ಬೆಂಚಿನಲ್ಲಿ ಕೂರಲು ನಾಚಿ ಓದನ್ನೇ ಬಿಟ್ಟರು.

"ಕೇಸ್ ಗೆದ್ದವರೂ ನಾವ, ಮನ್ಯಾಗ ಕುಂತವರೂ ನಾವ," ಎಂದರು.

ಮರುದಿನದಿಂದ ಅಜ್ಜಿಯೇ ಮಾಸ್ಕ್ ಹಾಕಿಕೊಂಡು, ನನ್ನ ಮಗಳಿಂದ ಒಂದಿಷ್ಟು ದೂರದಲ್ಲಿ ಹಿಂದೆಯೇ ನಡೆದು, ಅವಳು ಗೇಟಿನೊಳಗೆ ಹೋದ ಮೇಲೆಯೇ ಮನೆಗೆ ತಿರುಗುತ್ತಿದ್ದರು. ನನ್ನ ಮಗಳು ಇವತ್ತು ಓದುತ್ತಿದ್ದರೆ ಅದು ಅವರ ಪುಣ್ಯ.

ಅವಳೀಗ ನಮ್ಮ ಪಿಯುಸಿಯಂಥ ಎ ಲೆವೆಲ್‌ನಲ್ಲಿ ಹಿಸ್ಟರಿ ಓದುತ್ತಾಳೆ. ಹೋದ ಚಳಿಗಾಲದಲ್ಲಿ ಆ ಮೊದಲ ತೀರ್ಪಿನ ಪಾಠ ಬಂತು. ಪುಸ್ತಕ ಹಿಡಿದು ಅಜ್ಜಿಯ ಮನೆಗೆ ಓಡಿದಳು; ನಾನೂ ಹೋದೆ. ಅವಳು ಓದಿದಳು, ಅವರು ಕಣ್ಣು ಮುಚ್ಚಿ ಕೇಳಿದರು.

"ಮುಂದ? ಹಾಳಿ ತಿರುವು."

ತಿರುವಿದರೆ ಬೇರೆಯೇ ಪಾಠ.

"ನಮ್ಮ ಶಾಲಿದು ಇಲ್ಲೇನು?" ಅಜ್ಜಿ ಕಣ್ಣು ತೆರೆದು ಕೇಳಿದರು.

ಮಗಳು ಟೀಚರ ಹತ್ತಿರ ಹೇಳಿದಳು. ಮುಂದಿನ ಸೋಮವಾರ ಅಜ್ಜಿಯೇ ಕ್ಲಾಸಿಗೆ ಬಂದು ಮಾತಾಡಲಿ ಎಂದರು ಅವರು. ಅಯ್ಯೋ, ಆ ಸಂಭ್ರಮ! ನೀಲಿ ಕೋಟನ್ನು ಇಸ್ತ್ರಿ ಮಾಡಿಸಿ ಬಾಗಿಲ ಹಿಂದೆ ತೂಗುಹಾಕಿದರು. "ಬೆಂಚ್ ಸಣ್ಣದಿದ್ರ ನಾ ಕುಂದ್ರಂಗಿಲ್ಲ ನೋಡ ಮತ್ತ," ಎಂದು ನಕ್ಕರು.

ಆ ಸೋಮವಾರ ಬರುವ ಮೊದಲೇ ಅವರ ಹೃದಯ ನಿದ್ದೆಯಲ್ಲಿ ನಿಂತುಹೋಯಿತು. ಒಂದೇ ಗೋಡೆಯ ಈಚೆ ಮಲಗಿದ್ದ ಡಾಕ್ಟರು ನಾನು, ನನಗೆ ಗೊತ್ತೇ ಆಗಲಿಲ್ಲ. ಮುಷ್ಟಿಯಲ್ಲಿ ಪೆನ್ನು ಹಿಡಿಯುತ್ತಿದ್ದ ಆ ಕೈಯನ್ನು ಹಿಡಿದುಕೊಂಡು ಬಹಳ ಅತ್ತೆ.

ಮಗಳು ಒಬ್ಬಳೇ ಹೋಗಿ ಕ್ಲಾಸಿನ ಮುಂದೆ ನಿಂತು ಎಲ್ಲವನ್ನೂ ಹೇಳಿದಳು. ಕೊನೆಯಲ್ಲಿ ಒಬ್ಬ ಹುಡುಗಿ, ಇದು ಯಾವ ಪುಸ್ತಕದಲ್ಲಿದೆ ಎಂದು ಕೇಳಿದಳಂತೆ.

"ಪುಸ್ತಕದಲ್ಲಿಲ್ಲ," ಎಂದಳಂತೆ ನನ್ನ ಮಗಳು. "ನಮ್ಮ ಪಕ್ಕದ ಮನೆಯಲ್ಲಿದ್ದರು."