ಘಟ್ಟದ ಕಂಡಿ ಕೇಳಿಕೊಂಡು ಬಂದವರು

ಅಂಕೋಲೆಯಿಂದ ಒಳಗೆ, ಘಟ್ಟದ ಬುಡದಲ್ಲಿ ನನ್ನ ಸೋದರತ್ತೆಯ ಮನೆ. ಹಿತ್ತಿಲ ಕಾಲುದಾರಿ ಕಾಡು ಹತ್ತಿ, ಎರಡು ಗುಡ್ಡಗಳ ನಡುವಿನ ಕಂಡಿ ದಾಟಿ, ಘಟ್ಟದ ಮೇಲಿನ ಊರುಗಳಿಗೆ ಹೋಗುತ್ತದೆ. ಮದುವೆಯಾದ ಹೊಸದರಲ್ಲಿ ಅತ್ತೆ, ಗಂಡನ ಮನೆಯ ಹೆಂಗಸರ ಜೊತೆ ಉಪ್ಪು, ಒಣಮೀನು ಹೊತ್ತು ಮಾರಲು ಆ ದಾರಿ ಹತ್ತಿದವಳು. ಬಸ್ಸು ಬಂದ ಮೇಲೆ ಅದು ಯಾರಿಗೂ ಬೇಡವಾಯಿತು.

ಹೋದ ವರ್ಷ ಚಳಿಗಾಲದಲ್ಲಿ ನಾನು ಕಾರವಾರದಿಂದ ಅಲ್ಲಿಗೆ ಹೋಗಿದ್ದೆ. ಬೆನ್ನಿಗೆ ಚೀಲ ಹಾಕಿಕೊಂಡ ಗಂಡ ಹೆಂಡತಿ ಅಂಗಳಕ್ಕೆ ಬಂದು ನೀರು ಕೇಳಿದರು. ಆಮೇಲೆ ಮೊಬೈಲಿನಲ್ಲಿ ನಕಾಶೆ ತೋರಿಸಿ, ಕಂಡಿಗೆ ಹೋಗುವ ದಾರಿ ಇದೇನಾ ಎಂದರು.

"ದಾರಿ ಎಲ್ಲಿತ್ತು? ಮುಳ್ಳು ಬೆಳ್ದು ಮುಚ್ಚೇ ಹೋಯ್ತು," ಎಂದಳು ಅತ್ತೆ.

ಅವರು ನಕ್ಕು, ನೋಡಿ ಬರುತ್ತೇವೆಂದು ಹಿತ್ತಿಲು ದಾಟಿಯೇ ಬಿಟ್ಟರು.

ಅತ್ತೆ ನನ್ನ ತೋಳು ಹಿಡಿದಳು. "ಅಳತೆಯವ್ರೇ ಹೌದು. ತಂಗೀ, ನೀ ಹಿಂದಿಂದೇ ಹೋಗು. ಎಂತಾ ಮಾಡೂಕೆ ಹೋಗ್ತ್ರು ನೋಡ್ಕಂಡು ಬಾ."

ನನಗೂ ಹಾಗೇ ಅನಿಸಿತ್ತು. ಕಡಲ ಬದಿಯ ನಮ್ಮ ಗದ್ದೆ ಸರ್ಕಾರಕ್ಕೆ ಹೋಗುವ ಮೊದಲೂ ಹೀಗೆ ಇಬ್ಬರು ನಗುತ್ತಲೇ ಅಳತೆಗೆ ಬಂದಿದ್ದರು.

ಸೌದೆಗೆ ಹೊರಟವಳಂತೆ ಕತ್ತಿ ಹಿಡಿದು ಹತ್ತಿದೆ. ಕಂಡಿಯ ಹತ್ತಿರ ಗಂಡಸು ಮರಕ್ಕೆ ಕೆಂಪು ಪಟ್ಟಿ ಕಟ್ಟುತ್ತಿದ್ದ. ಹಿಂದಿನವರು ಹೊರೆ ಇಳಿಸಿ ದಣಿವಾರಿಸಿಕೊಳ್ಳುತ್ತಿದ್ದ ಕಲ್ಲಿನ ಫೋಟೋ ತೆಗೆಯುತ್ತಿದ್ದಳು ಹೆಂಡತಿ.

"ಪಟ್ಟಿ ಎಂತಕ್ಕೆ?" ಕೇಳಿದೆ.

"ಇಳಿಯುವಾಗ ದಾರಿ ತಪ್ಪಬಾರದಲ್ಲ," ಎಂದ ಅವನು.

"ನಮ್ಮಜ್ಜಿ ಘಟ್ಟದ ಮೇಲಿನವರು," ಎಂದಳು ಅವಳು. "ಉಪ್ಪಿನವರು ಈ ಕಂಡಿಯಿಂದಲೇ ಬರ್ತಿದ್ದರಂತೆ. ಒಮ್ಮೆ ನಡೆದು ನೋಡೋಣ ಅಂತ ಬಂದ್ವಿ."

ಬಾಯಿಪಾಠ ಮಾಡಿ ಬಂದಂತಿತ್ತು. "ಹಂಗಾದ್ರೆ ಇಳೂವಾಗ ಪಟ್ಟಿ ಎಲ್ಲಾ ಬಿಚ್ಕಂಡು ಬನ್ನಿ," ಎಂದು ಅಲ್ಲೇ ಕೂತೆ. ಅವರು ಕೊಟ್ಟ ಕಿತ್ತಳೆ ಹಣ್ಣನ್ನು ಸುಲಿಯದೆ ಕೈಯಲ್ಲೇ ಇಟ್ಟುಕೊಂಡೆ. ಇಳಿಯುವಾಗ ಅವರು ಪಟ್ಟಿಗಳನ್ನೆಲ್ಲ ಬಿಚ್ಚಿದರು.

ಅಂಗಳದಲ್ಲಿ ಅತ್ತೆ ಕಾಯುತ್ತಿದ್ದಳು. "ಚೀಲ ಬಿಚ್ಚಿ ತೋರ್ಸಿ."

ಗಂಡಸಿನ ಮುಖ ಕೆಂಪಾಯಿತು. ಹೆಂಡತಿ ಚೀಲ ಬಿಚ್ಚಿದಳು. ಟವೆಲು, ಬ್ರೆಡ್ಡು, ಬಾಟಲಿ. ಅಳತೆ ಟೇಪು ಇರಲಿಲ್ಲ, ಕಾಗದಪತ್ರವೂ ಇರಲಿಲ್ಲ. ಅತ್ತೆ ಟವೆಲನ್ನೂ ಕೊಡವಿ ನೋಡಿದಳು. ಅವಳಜ್ಜಿಯ ವಿಷಯ ನಾನು ಹೇಳಿದೆ. ಅತ್ತೆ ಮಜ್ಜಿಗೆ ಕೊಟ್ಟು ಕೇಳಿದಳು: "ನಿಮ್ಮಜ್ಜಿ ಉಪ್ಪಿಗೆ ಬದ್ಲು ಎಂತಾ ಕೊಡ್ತಿದ್ರು?"

"ಬೆಲ್ಲ ಅಂತ ಹೇಳಿದ ನೆನಪು."

ಅವರು ಹೋದ ಮೇಲೆ ಅತ್ತೆ, "ಬೆಲ್ಲವೇ ಹೌದು," ಎಂದಳು. "ಆದ್ರೂ ಮೊಬೈಲಲ್ಲಿ ಎಂತೆಲ್ಲಾ ತುಂಬ್ಕಂಡು ಹೋದ್ರೋ."

ಮಳೆಗಾಲ ಕಳೆದದ್ದೇ ಭಾನುವಾರಗಳಲ್ಲಿ ಗುಂಪುಗಳು ಬರತೊಡಗಿದವು. ಯಾರೂ ದಾರಿ ಕೇಳುವುದಿಲ್ಲ, ಎಲ್ಲರ ಮೊಬೈಲಿನಲ್ಲೂ ಅದು ಇದೆ. ಅಳತೆಗೆ ಮಾತ್ರ ಇಲ್ಲಿಯವರೆಗೆ ಯಾರೂ ಬಂದಿಲ್ಲ. ಅತ್ತೆ ಹಿತ್ತಿಲಿಗೆ ಮುಳ್ಳಿನ ಬೇಲಿ ಹಾಕಿಸಿದ್ದಾಳೆ. ಬಂದವರು ಬೇಲಿ ಬಳಸಿಕೊಂಡು ಹತ್ತುತ್ತಾರೆ.