ಇನ್ನೂ ಹಾಜರಾಗಿಲ್ಲ

ನನ್ನ ಗಂಡ ಕಂಪ್ಯೂಟರ್ ಪ್ರೋಗ್ರಾಂ ಬರೆಯುತ್ತಿದ್ದರು. ಒಂದು ಕಂಪ್ಯೂಟರ್ ಕೇಳಿದ್ದನ್ನು ಇನ್ನೊಂದರಿಂದ ತಂದುಕೊಡುವ ಕೆಲಸ. ಮಾತು ಕಮ್ಮಿ. ಆರಿದ ಚಹಾ ಬಿಸಿ ಮಾಡಿಕೊಡಲೇ ಎಂದರೆ, "ಹೊಟ್ಟೆಗೇನು ಗೊತ್ತಾಗುತ್ತೆ ಬಿಡೆ" ಎನ್ನುತ್ತಿದ್ದರು. ಕೂತ ಕುರ್ಚಿಯಲ್ಲೇ ಎದೆ ಹಿಡಿದುಕೊಂಡು ಹೋದರು.

ಕಾರ್ಯವೆಲ್ಲ ಮುಗಿದ ಮೇಲೂ ಬೆಳಿಗ್ಗೆ ಅವರ ಫೋನಿಗೆ ಆಫೀಸಿನ ಸಂದೇಶ ಬಂತು: 'ನೀವು ಇನ್ನೂ ಕೆಲಸಕ್ಕೆ ಹಾಜರಾಗಿಲ್ಲ.' ಮರುದಿನವೂ ಬಂತು. ದಿನಾ ಬಂತು. ನಾನು ಚಾರ್ಜಿಗೆ ಹಾಕುವುದನ್ನು ಬಿಡಲಿಲ್ಲ. ಅಲ್ಲಿಯವರ ಲೆಕ್ಕದಲ್ಲಾದರೂ ಇದ್ದಾರಲ್ಲ. ಬಚ್ಚಲಲ್ಲಿ ನೀರು ತೊಟ್ಟಿಕ್ಕಿದರೆ ಇವರೇನೋ ಎಂದು ತಿರುಗಿ ನೋಡುತ್ತಿದ್ದೆ. ತಡವಾಯಿತು, ಹೊರಡಿ ಎಂದು ಒಮ್ಮೆ ಬಾಯಿಬಿಟ್ಟು ಹೇಳಿಯೂಬಿಟ್ಟೆ.

ಅವರ ಜೊತೆ ಕೆಲಸ ಮಾಡುತ್ತಿದ್ದ ಹೆಣ್ಣುಮಗಳು ಮನೆಗೆ ಬಂದಳು. ಸದಾ ಹಿಂದೆ ಸುತ್ತುತ್ತಾಳೆ ಎಂದು ಇವರು ಅವಳನ್ನು ಬಾಲ ಎಂದು ಕರೆಯುತ್ತಿದ್ದರು. ಸತ್ತದ್ದನ್ನು ಆಫೀಸಿನವರು ಬರೆದುಕೊಂಡಿದ್ದಾರೆ, ತಪ್ಪು ಇವರ ಪ್ರೋಗ್ರಾಮಿನಲ್ಲಿದೆ ಎಂದಳು. ಅದರಲ್ಲಿ 'ನೌಕರ' ತಾಯಿ ಇದ್ದಂತೆ, 'ತೀರಿಕೊಂಡ ನೌಕರ' ಅದರ ಮಗು. ತಾಯಿಯದ್ದೆಲ್ಲ ಮಗುವಿಗೂ ಇರುತ್ತದೆ, ಜೊತೆಗೆ ತನ್ನದೂ ಒಂದು, ಸತ್ತ ದಿನ. ಇಂಥ ಮಗು ಉಂಟು ಎಂದು ಮೊದಲೇ ಹೇಳಿಡದಿದ್ದರೆ, ಸಂದೇಶ ಹಾಕುವ ಕಂಪ್ಯೂಟರಿಗೆ ಕಳಿಸುವಾಗ ತಾಯಿಯ ಪಾಲಷ್ಟೇ ಹೋಗುತ್ತದಂತೆ. ಹೆಸರು ಹೋಯಿತು, ಸಾವು ಹಿಂದೆ ಉಳಿಯಿತು. ಹೇಳಿಡಲು ಇವರು ಮರೆತಿದ್ದರು. ಅಲ್ಲಿಯವರೆಗೆ ಕೆಲಸದಲ್ಲಿದ್ದಾಗ ಯಾರೂ ಸತ್ತಿರಲಿಲ್ಲ. ಮೊದಲು ಸತ್ತವರು ಇವರೇ.

ಒಂದು ಸಾಲು ಸೇರಿಸಿದರೆ ಸಂದೇಶ ನಿಲ್ಲುತ್ತದೆ, ನಿಮ್ಮನ್ನು ಕೇಳದೆ ಕೈ ಬರಲಿಲ್ಲ ಎಂದಳು.

"ಹಾಗೇ ಇದ್ರೆ ಯಾರ ಗಂಟು ಹೋಗುತ್ತೆ?" ಎಂದೆ.

"ಇವರಾದ ಮೇಲೆ ಆಫೀಸಿನ ಕಾವಲಿನ ಹುಡುಗನೂ ತೀರಿಹೋದ, ಅಕ್ಕ. ಅವನ ಫೋನಿಗೂ ಬರ್ತಿದೆ. ಅವನ ಅಮ್ಮ ದಿನಾ ಬಂದು ಗೇಟಿನ ಹತ್ರ ಕೂರ್ತಾರೆ. ಮಗ ಸತ್ತಿದ್ರೆ ನೀವ್ಯಾಕೆ ಕರೀತಿದ್ರಿ ಅಂತಾರೆ."

ನನ್ನ ಹುಚ್ಚು ಮನೆಯೊಳಗಿತ್ತು. ಆಕೆಯದು ಬೀದಿಗೆ ಬಿದ್ದಿತ್ತು.

"ಸೇರಿಸಮ್ಮ" ಎಂದೆ.

ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಆ ಸಾಲು ಬರೆದಳು. ಸರಿಯಾಯಿತೇ ನೋಡಲು ಯಾರ ವಿವರ ಕೇಳಲಿ ಎಂದಳು. ಇವರದ್ದೇ ಕೇಳು ಎಂದೆ. ಹೆಸರು ಬಂತು. ವಿಭಾಗ, ಕೆಲಸಕ್ಕೆ ಸೇರಿದ ದಿನ ಬಂದವು. ಕೆಳಗೆ ಇನ್ನೊಂದು ಸಾಲು ಬಂತು, ಸತ್ತ ದಿನದ್ದು.

"ಪೂರ್ತಿ ಬಂದಿದೆ, ಅಕ್ಕ."

ನನ್ನ ಓದು ನಿಧಾನ. ಬೆರಳಿಟ್ಟು ಓದಿದೆ. ಕೊನೆಯ ಸಾಲನ್ನೂ ಓದಿದೆ.