ಕ್ಲಬ್ ಹೌಸಿನಲ್ಲಿ ಪಾಸಾದ ಕೆರೆ ಏರಿ

ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದಾಗ ನಾನು ಮಹದೇವಪುರದ ಕಡೆಯ ಒಂದು ವಾರ್ಡಿನಲ್ಲಿ ಸಹಾಯಕ ಕಾರ್ಯಪಾಲಕ ಇಂಜಿನಿಯರ್ ಆಗಿದ್ದೆ. ರಸ್ತೆ, ಚರಂಡಿ, ಕೆರೆ ಕೆಲಸಗಳೆಲ್ಲ ನನ್ನ ಮೇಜಿಗೇ ಬರುತ್ತಿದ್ದವು. ಆ ವರ್ಷ ಮೇಲಿನಿಂದ ಹೊಸ ಆದೇಶ ಬಂತು. ವಾರ್ಡಿನ ಯೋಜನೆಯನ್ನು ಅಧಿಕಾರಿಗಳೇ ಮಾಡಕೂಡದು, ನಿವಾಸಿಗಳನ್ನು ಕೂರಿಸಿಕೊಂಡು ಮಾಡಬೇಕು. ಇದಕ್ಕೆ ಪಾರ್ಟಿಸಿಪೇಟರಿ ಪ್ಲಾನಿಂಗ್ ಎಂದು ಹೆಸರು. ಅಂದರೆ ಯಾರ ಬೀದಿಯೋ ಅವರನ್ನು ಕೇಳಿ ಕೆಲಸ ಮಾಡುವುದು. ಇಷ್ಟು ಸಾಮಾನ್ಯ ಬುದ್ಧಿಗೆ ಒಂದು ಇಂಗ್ಲಿಷ್ ಹೆಸರು, ಅದನ್ನು ನಮಗೆ ಕಲಿಸಲು ಒಬ್ಬ ಕನ್ಸಲ್ಟೆಂಟ್ ಬೇರೆ.

ಆ ವಾರ್ಡಿನ ನಡುವೆ ಒಂದು ಕೆರೆ. ಈಚೆ ದಡದಲ್ಲಿ ಹಳೆಯ ಊರು, ಹೊಲ ಮಾರಿದ ಗೌಡರು ಬಾಡಿಗೆಗೆಂದು ಕಟ್ಟಿಸಿದ ಸಾಲು ರೂಮುಗಳು. ಆಚೆ ದಡದಲ್ಲಿ ದೊಡ್ಡ ಅಪಾರ್ಟ್‌ಮೆಂಟ್. ಊರಿನ ಹೆಂಗಸರು ಬೆಳಿಗ್ಗೆ ಕೆರೆ ಏರಿಯ ಮೇಲೆ ನಡೆದು ಅಲ್ಲಿಗೆ ಮನೆಗೆಲಸಕ್ಕೆ ಹೋಗುತ್ತಿದ್ದರು. ಏರಿ ಬಿಟ್ಟರೆ ರಿಂಗ್ ರೋಡ್ ಸುತ್ತಿಕೊಂಡು ಹೋಗಬೇಕು. ಹಾಗೆ ಹೋದರೆ ಮೊದಲ ಮನೆಗೆ ತಡವಾಗುತ್ತದೆ, ನಾಲ್ಕು ದಿನ ತಡವಾದರೆ ಆ ಮನೆಯ ಕೆಲಸವೇ ಹೋಗುತ್ತದೆ.

ಸಭೆಯನ್ನು ಊರಿನ ಶಾಲೆಯಲ್ಲಿ ಮಾಡೋಣ ಎಂದೆ. ಅಲ್ಲಿ ಫ್ಯಾನ್ ಇಲ್ಲವಲ್ಲ ಎಂಬ ಚಿಂತೆ ನಮ್ಮ ಮೇಲಧಿಕಾರಿಗೆ. ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ಶಿವಪ್ರಕಾಶ್ ತಮ್ಮ ಕ್ಲಬ್ ಹೌಸ್ ಕೊಡಲು ಮುಂದೆ ಬಂದರು. ಮೂಲ ದಾವಣಗೆರೆಯವರು, ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆ, ಬಾಯಿ ತೆರೆದರೆ ಸಮಾಜಸೇವೆ. ಎಸಿ, ಪ್ರೊಜೆಕ್ಟರ್, ಗೋಡಂಬಿ ಬಿಸ್ಕತ್ತು ಎಲ್ಲ ಇತ್ತು. ಊರಿನಲ್ಲೂ ಮೈಕ್ ಕಟ್ಟಿದ ಆಟೋ ಓಡಿಸಿ, ಎಲ್ಲರೂ ಬನ್ನಿ ಎಂದು ಕೂಗಿಸಿದ್ದಾಯಿತು.

ಭಾನುವಾರ ಮಧ್ಯಾಹ್ನ ಸಭೆ. ದೊಡ್ಡ ಸಂಬಳದ ಜನ ಬಣ್ಣದ ಚೀಟಿಗಳ ಮೇಲೆ ತಮ್ಮ ಕನಸು ಬರೆದು ಗೋಡೆಗೆ ಅಂಟಿಸುತ್ತಿದ್ದರು. ಎಲ್ಲರ ಕನಸೂ ಒಂದೇ, ವಾಕಿಂಗ್ ಟ್ರ್ಯಾಕ್. ಏರಿಗೆ ಬೇಲಿ, ಎರಡು ತುದಿಗೂ ಗೇಟು, ಬೀಗದ ಕೈ ಸಂಘದ ಬಳಿ. ಊರಿನವರು ಒಬ್ಬರೂ ಕಾಣುತ್ತಿಲ್ಲವಲ್ಲ ಎಂದು ಕೇಳಿದೆ.

"ಕರ್ದಿದ್ವಲ್ಲ ಮೇಡಂ. ಅವ್ರಿಗೆ ಇದ್ರಲ್ಲೆಲ್ಲ ಇಂಟರೆಸ್ಟ್ ಇರಲ್ಲ," ಎಂದರು ಶಿವಪ್ರಕಾಶ್.

ಅಷ್ಟರಲ್ಲಿ ಅವರ ಫೋನ್ ಸದ್ದಾಯಿತು. ಇಂಥ ಅಪಾರ್ಟ್‌ಮೆಂಟುಗಳಲ್ಲಿ ಹೊರಗಿನವರು ಗೇಟಿನಲ್ಲಿ ಫ್ಲ್ಯಾಟ್ ನಂಬರ್ ಹೇಳಬೇಕು, ಆ ಮನೆಯವರು ಫೋನಿನ ಆ್ಯಪ್‌ನಲ್ಲಿ ಒಪ್ಪಿದರೆ ಮಾತ್ರ ಒಳಗೆ ಬಿಡುತ್ತಾರೆ. ಶಿವಪ್ರಕಾಶ್ ಒಮ್ಮೆ ನೋಡಿ, ಬೇಡ ಎಂದು ಒತ್ತಿದರು. ಕೆಲಸದವಳು, ರಜ ಕೇಳಲು ಬಂದಿರುತ್ತಾಳೆ ಎಂದು ನನಗೂ ವಿವರಿಸಿದರು.

ಸಭೆಗೇ ಬಂದಿರಬಹುದಲ್ಲ ಎನಿಸಿ ನನಗೆ ಮೈ ಉರಿಯಿತು. ಎದ್ದು ಗೇಟಿಗೆ ಹೋದೆ. ಒಳ್ಳೆಯ ಸೀರೆ ಉಟ್ಟ ಹೆಂಗಸರ ಗುಂಪೊಂದು ಬಿಸಿಲಿನಲ್ಲಿ ನಿಂತಿತ್ತು. ಮುಂದೆ ನಿಂತಿದ್ದವಳು ರತ್ನಮ್ಮ, ಶಿವಪ್ರಕಾಶರ ಮನೆಯಲ್ಲಿ ಪಾತ್ರೆ ತೊಳೆಯುವವಳು. ಮೀಟಿಂಗಿಗೆ ಬಂದಿದ್ದೇವೆ ಎಂದರೆ ಸೆಕ್ಯೂರಿಟಿಯವನು ಯಾವ ಫ್ಲ್ಯಾಟ್ ಎಂದು ಕೇಳುತ್ತಿದ್ದನಂತೆ. ಪಾಪ, ತನಗೆ ಗೊತ್ತಿದ್ದ ನಂಬರ್ ಕೊಟ್ಟಿದ್ದಳು. ಇವರನ್ನು ಒಳಗೆ ಬಿಡಪ್ಪಾ ಎಂದೆ.

"ನೀವೂ ವಿಸಿಟರ್ರೇ ಅಲ್ವಾ ಮೇಡಂ, ನೀವು ಅಪ್ರೂವ್ ಮಾಡಕ್ಕಾಗಲ್ಲ," ಎಂದ ಅವನು.

ಅವನ ಜೊತೆ ಜಗಳವಾಡಿ ಸೋತು ಒಳಗೆ ಬರುವಷ್ಟರಲ್ಲಿ ಯೋಜನೆ ಸರ್ವಾನುಮತದಿಂದ ಪಾಸಾಗಿತ್ತು. ಗ್ರೂಪ್ ಫೋಟೋ ನಡೆಯುತ್ತಿತ್ತು, ನಡುವೆ ನಮ್ಮ ಮೇಲಧಿಕಾರಿ ಹಲ್ಲು ಕಿರಿದು ನಿಂತಿದ್ದರು. ನನ್ನ ಆಕ್ಷೇಪಣೆಗೆ, ಆಮೇಲೆ ನೋಡೋಣ ಎಂದು ಬಿಸ್ಕತ್ತಿನ ತಟ್ಟೆ ಮುಂದೆ ಸರಿಸಿದರು.

ಕೆಲವು ತಿಂಗಳಲ್ಲಿ ಗೇಟು ಬಂತು, ಬೀಗವೂ ಬಿತ್ತು. ಹೆಂಗಸರು ರಿಂಗ್ ರೋಡ್ ಸುತ್ತಿ ತಡವಾಗಿ ತಲುಪಿದರು, ಬೈಸಿಕೊಂಡರು, ಹಲವರು ಹೋಗುವುದನ್ನೇ ಬಿಟ್ಟರು. ಬೀಗ ಬಿದ್ದ ವಾರವೇ ಶಿವಪ್ರಕಾಶ್ ಫೋನ್ ಮಾಡಿ, ಎಲ್ಲ ಫ್ಲ್ಯಾಟಿನಲ್ಲೂ ಪಾತ್ರೆ ಹಾಗೇ ಬಿದ್ದಿದೆ, ಏನಾದರೂ ಮಾಡಿ ಎಂದು ಗೋಳಾಡಿದರು. ಇಷ್ಟು ವರ್ಷ ತಮ್ಮ ಅಡುಗೆಮನೆಗೆ ಬರುತ್ತಿದ್ದವಳು ಯಾವ ದಾರಿಯಲ್ಲಿ ಬರುತ್ತಾಳೆ ಎಂಬುದೇ ಆ ಮಹಾಶಯರಿಗೆ ತಿಳಿದಿರಲಿಲ್ಲ. ಜನರ ಸಭೆಯ ತೀರ್ಮಾನ ಬದಲಿಸಲು ಜನರ ಸಭೆಯೇ ಆಗಬೇಕು, ಈ ಸಲ ಊರಿನ ಶಾಲೆಯಲ್ಲೇ ಎಂದೆ. ಪಾತ್ರೆ ತೊಳೆಯುವ ಭಯಕ್ಕೆ ಒಪ್ಪಿಕೊಂಡರು.

ಶಾಲೆಯಲ್ಲಿ ಮಕ್ಕಳ ಬೆಂಚಿನ ಮೇಲೆ ಮುದುಡಿ ಕೂತೂ ಶಿವಪ್ರಕಾಶರ ದೊಡ್ಡಸ್ತಿಕೆ ಇಳಿದಿರಲಿಲ್ಲ. ಹೆಂಗಸರಿಗೆಲ್ಲ ಸಂಘದಿಂದ ಪಾಸ್ ಕೊಡುತ್ತೇವೆ, ಆಯಾ ಫ್ಲ್ಯಾಟಿನವರು ಒಪ್ಪಿದರೆ ಏರಿಯ ಗೇಟು ತೆಗೆಯುತ್ತೇವೆ ಎಂದು ಉಪಕಾರ ಮಾಡುವವರಂತೆ ಹೇಳಿದರು. ರತ್ನಮ್ಮ ಎದ್ದು ನಿಂತಳು.

"ಏರಿ ಮ್ಯಾಲೆ ನಡಿಯಕ್ಕೆ ನಿಮ್ಮನ್ನ ಯಾಕ್ ಕೇಳ್ಬೇಕು ಸಾರ್? ಗೇಟ್ ಅಂಗೇ ಇದ್ರೆ ನಾವ್ಯಾರೂ ಕೆಲ್ಸಕ್ ಬರಲ್ಲ."

ಹಿಂದೆ ಕೂತಿದ್ದ ಹೆಂಗಸರೆಲ್ಲ ಎದ್ದು ನಿಂತರು. ಶಿವಪ್ರಕಾಶ್ ಅಕ್ಕಪಕ್ಕ ನೋಡಿದರು, ಅವರ ಸಂಘದವರೇ ಗೇಟು ಕೀಳಿಸಿ ಎಂದು ಪಿಸುಗುಟ್ಟುತ್ತಿದ್ದರು. ಗೇಟು ಹೋಯಿತು. ಮೇಲಧಿಕಾರಿ ಅದನ್ನೂ ನಾಗರಿಕರ ಸಹಭಾಗಿತ್ವಕ್ಕೆ ಮಾದರಿ ಎಂದು ವರದಿ ಮಾಡಿ ಶಹಬ್ಬಾಸ್‌ಗಿರಿ ಪಡೆದರು.

ಮುಂದಿನ ತಿಂಗಳು ಶಿವಪ್ರಕಾಶ್ ರತ್ನಮ್ಮನನ್ನು ಕೆಲಸದಿಂದ ತೆಗೆದರು. ಬಾಯಿ ಜಾಸ್ತಿ ಎಂಬುದು ಕಾರಣ. ಅವಳ ಜಾಗಕ್ಕೆ ಬಂದವಳು ದಿನಾ ಅದೇ ಏರಿಯ ಮೇಲೆ ನಡೆದು ಹೋಗುತ್ತಿದ್ದಳು. ನಿಮ್ಮ ಅಭಿಪ್ರಾಯ ಬೇಕು ಎಂದು ಕರೆಯುವವರು, ನಿಜವಾಗಿ ಅಭಿಪ್ರಾಯ ಹೇಳಿದವರನ್ನು ಕ್ಷಮಿಸುವುದಿಲ್ಲ. ಇಷ್ಟು ವರ್ಷದ ನೌಕರಿ ನನಗೆ ಕಲಿಸಿದ್ದು ಇದನ್ನೇ.